ಬೂಷ್ಟು ಹಿಡಿದ ಕ್ಯಾಸೆಟ್: ಸ್ಕ್ರೂಡ್ರೈವರ್ ಮೊದಲು, ಕಂಪ್ಯೂಟರ್ ಆಮೇಲೆ

ತುಮಕೂರು ಸುತ್ತಿನ ಅಟ್ಟಗಳಿಂದ ಇಳಿಯುವ ಕ್ಯಾಸೆಟ್‌ಗಳಲ್ಲಿ ಅಂಗಡಿಯಿಂದ ಕೊಂಡವು ಕಡಿಮೆ. ಊರ ಪೌರಾಣಿಕ ನಾಟಕ, ಹರಿಕಥೆ, ಭಜನೆ, ತೀರಿಕೊಂಡವರ ಮಾತು, ಇವೇ ಜಾಸ್ತಿ. ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಇಂಥವನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸದಲ್ಲಿ ಇನ್ನೂರು ಚಿಲ್ಲರೆ ನನ್ನ ಕೈ ದಾಟಿವೆ, ಪೂರ್ತಿ ಕೈಬಿಟ್ಟದ್ದು ಏಳೋ ಎಂಟೋ. ‘ಹೇಗಾದರೂ ಓಡಿಸಿ ತುಂಬಿಕೋ, ಮಿಕ್ಕಿದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ’ ಎಂದವರೇ ಎಲ್ಲ. ರೀಲಿಗೆ ತಾಗಿ ಸದ್ದು ಓದುವ ಹೆಡ್ ಓದದೆ ಬಿಟ್ಟದ್ದನ್ನು ಯಾವ ಫಿಲ್ಟರೂ ಹುಟ್ಟಿಸಿಕೊಡುವುದಿಲ್ಲ ಅನ್ನುವುದು ಅವರಿಗೆ ಈಗ ಕೇಳಿಸಿದೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ನೇರ ಯುಎಸ್‌ಬಿಗೆ ಹಾಕುವ ಪುಟ್ಟ ಪ್ಲೇಯರ್‌ಗೆ ಸುಮಾರು ₹1,800. ಹಾರ್ಮೋನಿಯಂ ಸ್ವರ ಎಳೆದು ಹಿಡಿದ ಕಡೆಯೆಲ್ಲ ಅಲ್ಲಾಡುತ್ತಿತ್ತು, ಮೂಲೆಗೆ ಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ ₹4,500ರ ಆಸುಪಾಸು. ಬೆಲ್ಟ್ ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿತ್ತು, ಅದನ್ನು ಕೆರೆದು ತೆಗೆಯಲು ಒಂದು ಭಾನುವಾರ ಹೋಯಿತು. ಹೊಸ ಬೆಲ್ಟು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದದ್ದು, ಎರಡಕ್ಕೆ ₹150 ಇರಬೇಕು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಡೆಕ್ಕಿನ ಲೈನ್ ಔಟ್ (ಸದ್ದು ಹೊರಬರುವ ತಂತಿ) ಸಿಕ್ಕಿಸಿ ಮೊದಲ ಹತ್ತು ಕ್ಯಾಸೆಟ್ ಕೆಡಿಸಿದೆ: ಒಂದೇ ಚಾನೆಲ್, ಅದೂ ಒಡೆದ ದನಿ. ಆ ಹತ್ತನ್ನೂ ಮತ್ತೆ ಮಾಡಬೇಕಾಯಿತು. ಈಗ ಆ ತಂತಿಗೆಂದೇ ಲೈನ್ ಇನ್ ತೂತು ಇರುವ, 24 ಬಿಟ್ ಬರುವ ಸೌಂಡ್ ಕಾರ್ಡ್ ಇದೆ. ಎಲ್ಲ ಸೇರಿ ಹನ್ನೆರಡು ಸಾವಿರದ ಒಳಗೆ ಮುಗಿದಿದೆ.

ಬೂಷ್ಟಿನ ವಿಷಯ. ಕಿಟಕಿಯಿಂದ ನೋಡಿದರೆ ರೀಲಿನ ಮೇಲೆ ಬಿಳಿ ಚುಕ್ಕೆ ಕಂಡಿತೋ, ಒಳ್ಳೇ ಡೆಕ್ಕಿಗೆ ಹಾಕಲೇಬೇಡಿ. ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಬೂಷ್ಟು ತೇವವಿದ್ದಾಗ ಒರೆಸಿದರೆ ಬಳಿದುಕೊಳ್ಳುತ್ತದೆ, ಒಣಗಿದರೆ ಪುಡಿಯಾಗಿ ಉದುರುತ್ತದೆ. ಅದಕ್ಕೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮೂರು ನಾಲ್ಕು ದಿನ ಇಡುತ್ತೇನೆ. ಹೇರ್ ಡ್ರೈಯರ್ ಬೇಡ. ಒಂದು ರೀಲು ಅಂಚಿನುದ್ದಕ್ಕೂ ಸುಕ್ಕಾಗಿ ಹೋಯಿತು. ಒಣಗಿದ ಮೇಲೆ, ಬಯಲಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ, ಗುಜರಿ ಟೇಪ್ ರೆಕಾರ್ಡರ್‌ನಲ್ಲಿ ನಿಧಾನ ಸುತ್ತಿಸುತ್ತ ಮೆದು ಬಟ್ಟೆಯ ಮಡಿಕೆಯ ನಡುವೆ ರೀಲು ಹಾಯಿಸಬೇಕು. ಬಟ್ಟೆ ಹಿಡಿಯುವುದು ಎಷ್ಟು ಬಿಗಿ ಅನ್ನುವುದು ಕೈಗೆ ಬರಬೇಕು, ಬರೆದು ಹೇಳಲಾಗದು. ಕಿರುಗುಟ್ಟುವ ರೀಲಿಗೆ ನನ್ನ ಮದ್ದು ಬೇರೆ ಇದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಒಲೆಯಲ್ಲಿ ಕಾಯಿಸುವುದಂತೂ ಅಲ್ಲ, ಅದು ದೊಡ್ಡ ಸ್ಪೂಲ್ ರೀಲುಗಳ ಕಾಯಿಲೆಗೆ ಮಾಡುವ ಚಿಕಿತ್ಸೆ.

ಕ್ಯಾಸೆಟ್‌ನ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಬದಲಿಸಲು ಅಳುಕಬೇಡಿ. ತಗಡಿನ ಸೂರಿನಡಿ ಬೇಸಿಗೆ ಕಳೆದ ಚಿಪ್ಪು ಸೊಟ್ಟಗಾಗಿರುತ್ತದೆ, ರೀಲು ಒಳಗೇ ಬಿಗಿಯುತ್ತದೆ. ಗುಜರಿಯಲ್ಲಿ ಐದು ಸ್ಕ್ರೂ ಇರುವ ಕ್ಯಾಸೆಟ್ ಹತ್ತಿಪ್ಪತ್ತು ರೂಪಾಯಿಗೆ ಸಿಕ್ಕರೆ ಹಿಡಿಯಷ್ಟು ತಂದಿಟ್ಟುಕೊಳ್ಳಿ. ಸ್ಕ್ರೂ ಇಲ್ಲದ ಬೆಸುಗೆ ಚಿಪ್ಪಾದರೆ ಮೂಲೆಯ ಸಂದಿಗೆ ಬ್ಲೇಡ್ ತೂರಿಸಿ ತಿರುಚಬೇಕು. ಚಿಪ್ಪು ಒಡೆದರೆ ಒಡೆಯಲಿ, ಚೂರು ಮಾತ್ರ ರೀಲಿನ ಮೇಲೆ ಬೀಳಬಾರದು. ಒಡೆಯುವ ಮೊದಲು ಎರಡೂ ಬದಿಯ ಲೇಬಲ್ ಫೋಟೊ. ಹೊಸ ಚಿಪ್ಪಿನಲ್ಲಿ ಎರಡು ಪ್ಲಾಸ್ಟಿಕ್ ಹಾಳೆ, ಎರಡು ರೋಲರ್, ಹೆಡ್ಡಿನೆದುರು ಸ್ಪ್ರಿಂಗ್ ಪಟ್ಟಿಯ ಮೇಲಿನ ಉಣ್ಣೆ ತುಂಡು ಸರಿಯಾಗಿವೆಯೇ ನೋಡಿ. ಆ ತುಂಡು ಅಂಟು ಒಣಗಿ ಉದುರಿದ್ದರೆ ದನಿ ಕಂಬಳಿ ಹೊದ್ದಂತೆ ಮಂಕು, ಬಂದು ಬಂದು ಹೋಗುತ್ತದೆ. ಅದನ್ನು ಅಂಟಿಸಲು ಫೆವಿಕ್ವಿಕ್ ಹಾಕಿ ತಕ್ಷಣ ಮುಚ್ಚಿದ್ದೆ. ಅದರ ಆವಿ ಬಿಳಿ ಪುಡಿಯಾಗಿ ರೀಲಿನ ಮೇಲೆ ಕೂತಿತು. ಈಗ ಗುಜರಿ ಕ್ಯಾಸೆಟ್‌ನ ಪಟ್ಟಿಯನ್ನೇ ಇಡಿಯಾಗಿ ಎತ್ತಿ ಹಾಕುತ್ತೇನೆ. ಸ್ಕ್ರೂ ಪೂರ್ತಿ ಬಿಗಿದರೂ ಓಟ ನಿಲ್ಲುತ್ತದೆ. ಬಿಗಿದು ಕಾಲು ಸುತ್ತು ಹಿಂದಕ್ಕೆ.

ತುಂಡಾದ ರೀಲಿಗೆ ಸೆಲ್ಲೋಟೇಪ್ ಹಚ್ಚಿದವರ ಪಾಪ ನಾವು ತೊಳೆಯಬೇಕು. ಅಂಟು ಅಂಚಿನಿಂದ ಜಿನುಗಿ ಪಕ್ಕದ ಸುತ್ತಿಗೂ ಹಿಡಿದಿರುತ್ತದೆ. ರೀಲು ಕೂಡಿಸಲೆಂದೇ ಬರುವ ಸ್ಪ್ಲೈಸಿಂಗ್ ಟೇಪೇ ಬೇಕು, ರೀಲಿನ 3.81 ಮಿ.ಮೀ. ಅಗಲ ಮೀರಬಾರದು. ಎರಡು ತುದಿಯನ್ನೂ ಒಂದರ ಮೇಲೊಂದಿಟ್ಟು ಓರೆಯಾಗಿ ಕತ್ತರಿಸಿ, ಎದುರುಬದುರು ಕೂಡಿಸಿ, ಹೆಡ್ಡಿಗೆ ತಾಗದ ಒಳಮುಖಕ್ಕೆ ಅಂಟು. 120 ನಿಮಿಷದ ರೀಲು ಈರುಳ್ಳಿ ಸಿಪ್ಪೆಯಷ್ಟು ತೆಳು, ಅದರಲ್ಲಿ ಫಾಸ್ಟ್ ಫಾರ್ವರ್ಡ್ ಒತ್ತಲೇಬೇಡಿ.

ಗುಟ್ಟಿರುವುದು ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂನಲ್ಲಿ. ಪ್ರತಿ ಕ್ಯಾಸೆಟ್‌ಗೂ, ಅದರ ಎರಡೂ ಬದಿಗೂ ಬೇರೆ ಬೇರೆ ತಿರುಗಿಸಬೇಕು. ರೆಕಾರ್ಡ್ ಮಾಡಿದ ಟೇಪ್ ರೆಕಾರ್ಡರ್‌ನ ಹೆಡ್ ಎಷ್ಟು ಓರೆಯಿತ್ತೋ ನಮ್ಮದೂ ಅಷ್ಟೇ ಓರೆಯಾಗಬೇಕು. ಮೊದಲಿದ್ದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಎಡ ಬಲ ಸೇರಿಸಿ ಮೋನೋದಲ್ಲಿ ಕೇಳುತ್ತ ಕೂದಲೆಳೆಯಷ್ಟು ತಿರುಗಿಸಿ. ತಾಳದ ಝಣತ್ಕಾರ, ‘ಸ’ ‘ಶ’ ಅಕ್ಷರ ಎದ್ದು ಕೇಳಿದ ಕಡೆ ನಿಲ್ಲಿಸಿ. ಕಾಲು ಸುತ್ತಿಗಿಂತ ಜಾಸ್ತಿ ನನಗೆ ಎಂದೂ ಬೇಕಾಗಿಲ್ಲ. ಹಳ್ಳಿಯ ರೆಕಾರ್ಡಿಂಗ್‌ಗಳು ಬಹುಪಾಲು ಮೋನೋ, ಎಡ ಬಲ ಎರಡರಲ್ಲೂ ಒಂದೇ ದನಿ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ಒಂದು ಚಾನೆಲ್‌ನ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ದನಿ ಹೆಚ್ಚುಕಡಿಮೆ ಅಳಿಸಿಹೋಗಬೇಕು. ಅಳಿಸಿದಷ್ಟೂ ಹೊಂದಿಕೆ ಸರಿ. ‘ನಾಟಕದ ಕ್ಯಾಸೆಟ್‌ಗೆ ಇಷ್ಟೆಲ್ಲ ಯಾಕೆ’ ಎಂದವರಿಗೆ ತಿರುಗಿಸುವ ಮೊದಲಿನದು, ಆಮೇಲಿನದು ಎರಡನ್ನೂ ಕೇಳಿಸಿದೆ, ಬಾಯಿ ಮುಚ್ಚಿತು.

ರೆಕಾರ್ಡಿಂಗ್‌ನಲ್ಲಿ ಹೇಳಲು ಹೆಚ್ಚಿಲ್ಲ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್; 60 ನಿಮಿಷಕ್ಕೆ 1 ಜಿಬಿ ಆಗುತ್ತದೆ. ಸದ್ದಿನ ಮಟ್ಟ ಮೈನಸ್ 6 ಡೆಸಿಬಲ್ (ಡಿಬಿ) ದಾಟಬಾರದು. ಡೆಕ್ಕಿನ ಡಾಲ್ಬಿ (ಸುಯ್ ಸದ್ದು ತಗ್ಗಿಸುವ ಗುಂಡಿ) ಬಂದ್. ಗುಂಯ್‌ಗುಟ್ಟಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸಾಫ್ಟ್‌ವೇರಿನ ನಾಯ್ಸ್ ರಿಡಕ್ಷನ್ (ಬೇಡದ ಸದ್ದು ತಗ್ಗಿಸುವುದು) 6 ಡಿಬಿಗೆ ನಿಲ್ಲಿಸಿ, 20ಕ್ಕೆ ಏರಿಸಿದರೆ ಭಾಗವತರು ಬಾವಿಯೊಳಗಿಂದ ಹಾಡಿದಂತಾಗುತ್ತದೆ.

ವೇಗದ ಹಿಂದೆ ಬಿದ್ದು ಎರಡು ತಿಂಗಳು ಕಳೆದೆ. ಸೆಲ್ ಹಾಕಿ ರೆಕಾರ್ಡ್ ಮಾಡಿದ್ದರೆ ಸೆಲ್ ಇಳಿದಂತೆ ಮೋಟಾರು ನಿಧಾನವಾಗಿರುತ್ತದೆ. ನಾವು ಸರಿ ವೇಗದಲ್ಲಿ ಹಾಕಿದರೆ ನಾಟಕದ ಕೊನೆಗೆ ಭೀಮನ ದನಿ ಹುಡುಗನದಾಗುತ್ತದೆ. ಮೈಕ್ ಸೆಟ್ಟಿನ ಕರೆಂಟ್ ಗುಂಯ್ ಸದ್ದನ್ನು 50 ಹರ್ಟ್ಸ್‌ಗೆ ಕೂಡಿಸಿ ವೇಗ ಅಳೆಯೋಣ ಎಂದುಕೊಂಡೆ. ಆದರೆ ಆ ಕಾಲದಲ್ಲಿ ಕರೆಂಟೇ 50ರಲ್ಲಿ ನಿಲ್ಲುತ್ತಿರಲಿಲ್ಲ, 49ಕ್ಕಿಂತಲೂ ಕೆಳಗಿಳಿಯುತ್ತಿತ್ತು. ಜನರೇಟರ್ ಆದರಂತೂ ದೇವರೇ ಗತಿ. ಕೊನೆಗೆ ಕೈಹಿಡಿದದ್ದು ಹಾರ್ಮೋನಿಯಂ. ಶ್ರುತಿ ಒಂದು ಮನೆ (ಕಪ್ಪು ಬಿಳಿ ಸೇರಿ ಪಕ್ಕದ ಕೀ) ಏರಿದ್ದರೆ ವೇಗ ಶೇ 6ರಷ್ಟು ಜಾಸ್ತಿ ಎಂದರ್ಥ. ಮೊದಲ ಹಾಡಿನ ಷಡ್ಜ ಹಿಡಿದು, ಫೈಲನ್ನು ಐದೈದು ನಿಮಿಷದ ತುಂಡು ಮಾಡಿ, ಪ್ರತಿ ತುಂಡಿನ ವೇಗವನ್ನು ಅದಕ್ಕೆ ಇಳಿಸುತ್ತ ಹೋಗುವುದು. ಬರೀ ಶ್ರುತಿ ಇಳಿಸುವ ಆಯ್ಕೆ ಬಳಸಬೇಡಿ, ವೇಗ ಶ್ರುತಿ ಎರಡೂ ಒಟ್ಟಿಗೆ ಬದಲಾಗಬೇಕು. ಮಾತು ಮಾತ್ರ ಇರುವ ಕ್ಯಾಸೆಟ್‌ಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಆ ದನಿ ಬಲ್ಲ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಹೇಳಲು ಮರೆತೆ. ಇದೆಲ್ಲಕ್ಕೂ ಮೊದಲು, ಕ್ಯಾಸೆಟ್‌ನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಮುರಿದಿವೆಯೇ ನೋಡಿ. ಮುರಿಯದಿದ್ದರೆ ಮುರಿದೇ ಡೆಕ್ಕಿಗೆ ಹಾಕಿ, ಪ್ಲೇ ಪಕ್ಕದಲ್ಲೇ ರೆಕಾರ್ಡ್ ಬಟನ್ ಇರುತ್ತದೆ, ಚೂರು ಮುರಿದಿದ್ದರೆ ಅದು ಕೆಲಸ ಮಾಡುವುದಿಲ್ಲ. ಗುಜರಿ ಚಿಪ್ಪಿಗೆ ವರ್ಗಾಯಿಸಿದ ಮೇಲೆ ಇನ್ನೊಮ್ಮೆ ನೋಡಿ, ಮತ್ತೆ ರೆಕಾರ್ಡ್ ಮಾಡಲೆಂದು ಹಿಂದಿನವರು ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿರುತ್ತಾರೆ.