ಸ್ಪೇನಿನ ಬಿರುದಿನ ಜಾಡು ಹಿಡಿಯುವುದು ಹೇಗೆ?

ಸ್ಪೇನಿನ ಡ್ಯೂಕ್ ಮನೆತನದ ಚರಿತ್ರೆ ಹುಡುಕಲು ಹೊರಟವರು ಮೊದಲು ಸರ್‌ನೇಮ್ ಹಿಡಿದುಕೊಳ್ಳುತ್ತಾರೆ. ಅದು ಬೇಡ, ಬಿರುದಿನ ಹಿಂದೆ ಹೋಗಿ.

ಆಲ್ಬಾ ಡ್ಯೂಕ್ ಬಿರುದನ್ನೇ ತಗೊಳ್ಳಿ. 1472ರಲ್ಲಿ ಕಾಸ್ತೀಲಿನ ರಾಜ ನಾಲ್ಕನೇ ಎನ್ರಿಕೆ ಇದನ್ನು ಕೊಟ್ಟಿದ್ದು ಆಲ್ವಾರೆಸ್ ದೆ ತೊಲೇದೊ ಮನೆಗೆ. 18ನೇ ಶತಮಾನದಲ್ಲಿ ಗಂಡು ಸಂತಾನವಿಲ್ಲದೆ ಮಗಳಿಗೆ ಬಂತು, ಅವಳ ಮಗನಿಂದ ಸಿಲ್ವಾ ಮನೆ ಸೇರಿತು. ಚಿತ್ರಕಾರ ಗೋಯಾ ತನ್ನ ಚಿತ್ರಗಳಲ್ಲಿ ಬಿಡಿಸಿದ 13ನೇ ಡಚೆಸ್ (ಡ್ಯೂಕ್ ಬಿರುದು ಹೊತ್ತ ಹೆಣ್ಣು) 1802ರಲ್ಲಿ ಹೊಟ್ಟೆಯ ಮಕ್ಕಳಿಲ್ಲದೆ ತೀರಿಕೊಂಡಾಗ ಫಿಟ್ಸ್‌ಜೇಮ್ಸ್ ಸ್ಟುವರ್ಟ್ ನೆಂಟರ ಪಾಲಾಯಿತು. ಆ ಮನೆಯ ಮೂಲಪುರುಷ ಇಂಗ್ಲೆಂಡಿನ ಎರಡನೇ ಜೇಮ್ಸ್ ರಾಜನಿಗೆ ಮದುವೆಯ ಹೊರಗೆ ಹುಟ್ಟಿದವನು! ಇನ್ನೂ ಮಜಾ ಅಂದ್ರೆ, 18ನೇ ಡಚೆಸ್ ಕಾಯೆತಾನಾ ಅವರ ಹಿರಿಮಗ ಮತ್ತು ಇನ್ನೊಬ್ಬ ಮಗ ಹಾಕೊಬೊ ತಾಯಿಯ ಸರ್‌ನೇಮನ್ನೇ ಮುಂದಿಟ್ಟುಕೊಂಡರು, ಉಳಿದ ತಮ್ಮಂದಿರು ಮತ್ತು ತಂಗಿ ತಂದೆಯ ಮಾರ್ತೀನೆಸ್ ದೆ ಇರೂಹೊ ಉಳಿಸಿಕೊಂಡರು.

ಹಾಗಾಗಿ ಒಂದು ಹಾಳೆಯಲ್ಲಿ ಪ್ರತಿ ಬಿರುದುದಾರರ ಹೆಸರು, ಸತ್ತ ವರ್ಷ, ಹಿಂದಿನವರಿಗೆ ಏನಾಗಬೇಕು ಅನ್ನೋದನ್ನು ಬರೆಯಿರಿ. "ಮಗ" ಅಂತ ಇಲ್ಲದ ಕಡೆ ನಿಲ್ಲಿ. ಕಥೆ ಇರೋದು ಅಲ್ಲೇ.

ಆಮೇಲೆ ಆ ವರ್ಷದ ಕಾನೂನು ನೋಡಿ. ಹಳೆಯ ಕ್ರಮದಲ್ಲಿ ಅಕ್ಕನಿದ್ದರೂ ತಮ್ಮನಿಗೇ ಬಿರುದು. ಕಾಯೆತಾನಾಗೆ ಸಿಕ್ಕಿದ್ದು ಅವರು ಒಬ್ಬಳೇ ಮಗಳಾದ್ದರಿಂದ. 2006ರ ಕಾನೂನು ಬಂದ ಮೇಲೆ ಗಂಡೋ ಹೆಣ್ಣೋ, ಮೊದಲು ಹುಟ್ಟಿದ ಮಗುವಿಗೆ ಹಕ್ಕು. ಬಿರುದಿನ ಜೊತೆ ಅರಮನೆಯೂ ಬಂತು ಅಂತ ಸುಮ್ನೆ ಅಂದುಕೊಳ್ಳಬೇಡಿ: ಆಸ್ತಿಯನ್ನು ಭಾಗವಾಗದಂತೆ ಕಟ್ಟಿಹಾಕುವ ಮಯೊರಾಸ್ಗೊ ಪದ್ಧತಿಯನ್ನು 19ನೇ ಶತಮಾನದಲ್ಲೇ ತೆಗೆದುಹಾಕಿದರು.

ದಿನಾಂಕದ ವಿಷಯದಲ್ಲಿ ಜಾಸ್ತಿ ಹುಷಾರು. ಅಪ್ಪ ಸತ್ತ ತಕ್ಷಣ ಬಿರುದು ತಾನಾಗಿ ಬರಲ್ಲ, ಹಕ್ಕುದಾರರು ನ್ಯಾಯ ಇಲಾಖೆಗೆ ಅರ್ಜಿ ಹಾಕಿ, ತೆರಿಗೆ ಕಟ್ಟಿ, ರಾಜನ ಹೆಸರಲ್ಲಿ ಪತ್ರ ಪಡೀಬೇಕು. ಕಾಯೆತಾನಾ ತಂದೆ ತೀರಿಕೊಂಡಿದ್ದು 1953ರಲ್ಲಿ, ಪತ್ರ ಬಂದಿದ್ದು 1955ರಲ್ಲಿ. 1931ರಲ್ಲಿ ಗಣರಾಜ್ಯ ಬಿರುದುಗಳಿಗೆ ಮಾನ್ಯತೆ ತೆಗೆದಿತ್ತು, 1948ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಕಾಲದ ಕಾನೂನು ವಾಪಸ್ ಕೊಟ್ಟಿತು. ಆ ನಡುವಿನ ವರ್ಷಗಳಲ್ಲಿ ಸತ್ತವರ ವಾರಸುದಾರರ ಪತ್ರ ತಡವಾಗಿದ್ದರೆ ಗಾಬರಿ ಬೇಡ, ಅಲ್ವಾ?

ಇತ್ತೀಚಿನ ಪತ್ರಗಳು ಬಿಒಇ (BOE) ಅನ್ನೋ ಸರ್ಕಾರಿ ಗೆಜೆಟ್‌ನಲ್ಲಿ ಸಿಗುತ್ತವೆ. ಹಳೆಯ ಕಾಗದಕ್ಕೆ ತೊಲೇದೊ ಊರಿನಲ್ಲಿರುವ ಶ್ರೀಮಂತ ಮನೆತನಗಳ ಸರ್ಕಾರಿ ದಾಖಲೆ ಭಂಡಾರ ಇದೆ. ಅದರ ಪಟ್ಟಿಯನ್ನು ಸ್ಪೇನಿನ ಸರ್ಕಾರಿ ದಾಖಲೆಗಳ ಪಾರೆಸ್ (PARES) ಪೋರ್ಟಲ್‌ನಲ್ಲಿ ಪುಕ್ಕಟೆ ನೋಡಬಹುದು. ಸ್ಪ್ಯಾನಿಷ್ ಸ್ಪೆಲ್ಲಿಂಗ್‌ನಲ್ಲಿ ಬಿರುದಿನ ಹೆಸರು ಹಾಕಿ ಹುಡುಕಿ, ವ್ಯಕ್ತಿಯ ಹೆಸರು ಆಮೇಲೆ.