ಬಿಸಾಕಿ ಅಂದ ವಾಲ್ ಫರ್ನೇಸ್ ನಾನೇ ಬಿಚ್ಚಿ ಸರಿ ಮಾಡಿದ್ದು: ನನ್ನ ಅನುಭವ

ಹೋದ ಚಳಿಗಾಲ ಪೂರ್ತಿ ನಮ್ಮನೇಲಿ ಬೆಳಗ್ಗೆ ಮೊದಲನೇ ಕೆಲಸ ಕಾಫಿ ಅಲ್ಲ, ಹಾಲ್‌ವೇಲಿ ಬೋರಲು ಮಲಗಿ ಫರ್ನೇಸಿನ ಪೈಲಟ್, ಅಂದ್ರೆ ಬರ್ನರ್ ಹತ್ತಿಸಕ್ಕೆ ಯಾವಾಗ್ಲೂ ಉರೀತಾ ಇರ್ಬೇಕಾದ ಪುಟ್ಟ ಜ್ವಾಲೆ, ಆರಿಹೋಗಿರ್ತಿತ್ತಲ್ಲ, ಅದನ್ನ ಮತ್ತೆ ಹಚ್ಚೋದು. ಕ್ಯಾಲಿಫೋರ್ನಿಯಾದ ಸನ್ನಿವೇಲಲ್ಲಿ 1950ರ ದಶಕದ ಮನೆ, ಗ್ಯಾಸಲ್ಲಿ ಮನೆ ಬಿಸಿ ಮಾಡೋ, ಗೋಡೆಯೊಳಗೆ ಕೂತಿರೋ ಹಳೇ ಗ್ರಾವಿಟಿ ಫರ್ನೇಸ್, ತಾಕತ್ತು ಗಂಟೆಗೆ 50,000 ಬಿಟಿಯು, ಎರಡೂ ಕಡೆ ಬಿಸಿ ಬಿಡುತ್ತೆ. ಫ್ಯಾನ್ ಇಲ್ಲ, ಕರೆಂಟ್ ಬೇಡ, ಪೈಲಟ್ ಬಿಸಿಗೆ ಥರ್ಮೋಪೈಲ್ ಅನ್ನೋ ಪುಟ್ಟ ಕಡ್ಡಿ ಹುಟ್ಟಿಸೋ ಮಿಲಿವೋಲ್ಟಲ್ಲೇ ಗ್ಯಾಸ್ ವಾಲ್ವ್ ತೆಗೆಯುತ್ತೆ. ಇಂಥದ್ದು ಇರೋರಿಗೆ ಗೊತ್ತಿರೋದೇ, ಅದಕ್ಕೆ ಇದಕ್ಕಿಂತ ಜಾಸ್ತಿ ವಿವರಿಸ್ತಾ ಕೂರಲ್ಲ.

ಮೊದಲು ಬಂದ ಟೆಕ್ನಿಷಿಯನ್ ಟಾರ್ಚ್ ಬಿಟ್ಟು ಐದೇ ನಿಮಿಷ ನೋಡಿದ, 130 ಡಾಲರ್ ತಗೊಂಡ, "ಲೈಫ್ ಮುಗೀತು, ಹೊಸದು ಹಾಕ್ಸಿ" ಅಂದ. ಕೋಟ್ ಎಷ್ಟು ಗೊತ್ತಾ, 3,800 ಹತ್ರ ಹತ್ರ. ಎರಡನೆಯವನು ಇನ್ನೂ ಜಾಸ್ತಿ ಹೇಳಿದ. ಹೀಟ್ ಎಕ್ಸ್‌ಚೇಂಜರಲ್ಲಿ, ಅಂದ್ರೆ ಬೆಂಕಿ-ಹೊಗೆ ಮನೆ ಗಾಳಿಗೆ ಸೇರದಂಗೆ ತಡೆಯೋ ಡಬ್ಬದಲ್ಲಿ, ಕ್ರ್ಯಾಕ್ ಇದೆಯಾ ಅಂತ ಇಬ್ಬರನ್ನೂ ಕೇಳಿದೆ, ಇಬ್ಬರೂ ಇಲ್ಲ ಅಂದ್ರು. ಕ್ರ್ಯಾಕ್ ಇದ್ದಿದ್ರೆ ನಾನೂ ಕೈ ಹಾಕ್ತಿರ್ಲಿಲ್ಲ, ಅದರಿಂದ ಸೋರೋ ಕಾರ್ಬನ್ ಮಾನಾಕ್ಸೈಡ್ (ಸಿಓ) ಅನ್ನೋ ವಿಷದ ಗಾಳಿ ಜೊತೆ ಆಟ ಬೇಡ. ಆದ್ರೆ ಕ್ರ್ಯಾಕ್ ಇಲ್ಲ ಅಂದ್ಮೇಲೆ ಒಂದು ಕಬ್ಬಿಣದ ಡಬ್ಬಕ್ಕೆ ಲೈಫ್ ಹೆಂಗೆ ಮುಗಿಯುತ್ತೆ? ಫ್ರೆಂಡ್ಸ್ ಎಲ್ಲ ನಕ್ಕರು, "ಕೋಡ್ ಬರೆಯೋನು ಗ್ಯಾಸ್ ಕೆಲಸ ಮಾಡ್ತಾನಂತೆ" ಅಂತ. ಹೆಂಡತಿ ನಗಲಿಲ್ಲ, ಸುಮ್ನೆ ಎರಡು ಸಿಓ ಅಲಾರ್ಮ್ ತಂದು ಒಂದನ್ನ ನನ್ನ ತಲೆ ಮೇಲಿನ ಗೋಡೆಗೇ ಹಾಕಿದ್ಲು.

ಮೊದಲ ತಪ್ಪು ನಂದೇ. ಪೈಲಟ್ ನಿಲ್ತಿಲ್ಲ ಅಂದ್ರೆ ಥರ್ಮೋಪೈಲ್ ಅಂತ ಎಲ್ಲರೂ ಹೇಳ್ತಾರಲ್ಲ, ನಾನೂ 45 ಡಾಲರ್ ಕೊಟ್ಟು ಹೊಸದು ಹಾಕ್ದೆ. ಎರಡು ದಿನ ಸರಿ ಇತ್ತು, ಮೂರನೇ ದಿನ ಅದೇ ಕಥೆ. ಪೀಸೇ ಡಿಫೆಕ್ಟ್ ಇರ್ಬೇಕು ಅಂತ ಇನ್ನೊಂದು ತರಿಸ್ದೆ, ಮತ್ತೆ 45. ಆಮೇಲೆ ಬುದ್ಧಿ ಬಂದು ಮೀಟರ್ ಹಿಡಿದೆ: ವೈರ್ ಬಿಚ್ಚಿ ಓಪನ್ ಇಟ್ಟಾಗ ಹಳೇದು 320 ಮಿಲಿವೋಲ್ಟ್ ಸುಮಾರು, ಹೊಸವೆರಡೂ 340 ಹತ್ರ. 750 ಮಿಲಿವೋಲ್ಟಿನ ಪೈಲ್ ಅದು, ಕನಿಷ್ಠ ಐನೂರರ ಮೇಲೆ ಬರ್ಬೇಕು. ಮೂರು ಪೈಲೂ ಒಂದೇ ಥರ ಕಮ್ಮಿ ತೋರಿಸ್ತಿವೆ ಅಂದ್ರೆ ತಪ್ಪು ಪೈಲಲ್ಲಿಲ್ಲ, ಬೆಂಕಿಲಿ. ಅಷ್ಟು ದಿನ ಕಣ್ಣೆದುರೇ ಇತ್ತು ನೋಡಿ, ಪೈಲಟ್ ಜ್ವಾಲೆ ದೀಪದ ಬತ್ತಿ ಥರ ಹಳದಿ, ತೂಕಡಿಸ್ಕೊಂಡು ಉರೀತಿತ್ತು, ಪೈಲ್ ತುದಿನ ಸುತ್ಕೊಳ್ತಾನೇ ಇರ್ಲಿಲ್ಲ.

ಗ್ಯಾಸ್ ಬಂದ್ ಮಾಡಿ, ಎಲ್ಲಾ ತಣ್ಣಗಾದ ಮೇಲೆ ಬರ್ನರ್ ಟ್ರೇ ಕಡೆ ಕೈ ಹಾಕಿದ್ರೆ, ಅಬ್ಬಾ! ಕಂಬಳಿ ಥರ ಧೂಳು. ಕಾರ್ಪೆಟ್ ನಾರು, ಕೂದಲು, ಜೊತೆಗೆ ಒಂಥರಾ ಅಂಟು. ಅಂಟು ನಮ್ಮ ಒಗ್ಗರಣೆದು ಅಂತ ನನ್ನ ಅನುಮಾನ, ಅಡುಗೆಮನೆ ಪಕ್ಕದಲ್ಲೇ ಇದೆ. ಪೈಲಟ್ ಗಾಳಿ ಎಳ್ಕೊಳ್ಳೋ ಪುಟ್ಟ ತೂತಲ್ಲಿ ಹತ್ತಿ ತುರುಕಿದಂಗೆ ಕೂತಿತ್ತು, ಅದರ ಹಿಂದೆ ಜೇಡರ ಬಲೆ ಬೇರೆ. ಗಾಳಿ ಇಲ್ದೆ ಜ್ವಾಲೆ ಹಳದಿ ಆಗದೆ ಇನ್ನೇನಾಗುತ್ತೆ. ಕೀಬೋರ್ಡ್ ಊದೋ ಏರ್ ಕ್ಯಾನ್ ಮಾತ್ರ ಬೇಡ, ಸುಮಾರು ಡಬ್ಬಿಗಳಲ್ಲಿರೋ ಗ್ಯಾಸೇ ಹತ್ಕೊಳ್ಳುತ್ತೆ. ನಾನು ಬಳಸಿದ್ದು ಮಗನ ಬಾಸ್ಕೆಟ್‌ಬಾಲ್ ಪಂಪು, ಸೂಜಿ ಸಮೇತ. ಆರಿಫಿಸ್‌ಗೆ, ಅಂದ್ರೆ ಗ್ಯಾಸ್ ಹೊರಗೆ ಬರೋ ಸಣ್ಣ ತೂತಿಗೆ, ಪಿನ್ ಹಾಕಬೇಡಿ, ಅದು ಸ್ವಲ್ಪ ದೊಡ್ಡದಾದ್ರೂ ಕಥೆ ಮುಗೀತು. ಬರ್ನರ್ ಪೂರ್ತಿ ಹೊರಗೆ ತೆಗೀದೇ ಆ ಗಾಳಿ ತೂತಿಗೆ ಪಂಪಿನ ಸೂಜಿ ಹೆಂಗೆ ಮುಟ್ಟಿಸ್ದೆ ಅನ್ನೋದು ಮಾತ್ರ ಹೇಳಲ್ಲ, ಅದಕ್ಕೆ ಮೂರು ಭಾನುವಾರ ಸುಟ್ಕೊಂಡಿದೀನಿ.

ಗ್ಯಾಸ್ ಸೋರ್ತಿದ್ಯಾ ಅಂತ ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಹಚ್ಚಿ ನೋಡಿ ಪೈಲಟ್ ಹಚ್ಚಿದೆ. ನೀಲಿ, ಸುಯ್ ಅಂತ ನೇರ. ಮೀಟರ್ 590 ಅಂತು.

ಆದ್ರೂ ಕೆಲವು ಬೆಳಗ್ಗೆ ಪೈಲಟ್ ಇದ್ರೂ ಬರ್ನರ್ ಹತ್ತಲ್ಲ. ವಾಲ್ವ್ ಹತ್ರಾನೇ ಥರ್ಮೋಸ್ಟಾಟ್ (ಮನೆ ಬಿಸಿ ನೋಡಿ ಫರ್ನೇಸ್ ಆನ್-ಆಫ್ ಮಾಡೋದು) ವೈರ್ ಸೇರೋ ಟರ್ಮಿನಲ್ ಎರಡಕ್ಕೂ ಜಂಪರ್, ಅಂದ್ರೆ ಒಂದು ತುಂಡು ವೈರ್, ಹಾಕಿದೆ, ಢಬ್ ಅಂತ ಹತ್ತಿತು. ಅಂದ್ರೆ ತಪ್ಪು ಥರ್ಮೋಸ್ಟಾಟಲ್ಲಿ, ಇಲ್ಲ ಅದರ ವೈರಲ್ಲಿ. ಮನೆ ನೆಲದ ಕೆಳಗಿನ ಕ್ರಾಲ್‌ಸ್ಪೇಸಲ್ಲಿ ತೆವಳಿ ನೋಡಿದ್ರೆ ಯಾವನೋ ಪುಣ್ಯಾತ್ಮ ಬೆಲ್ ವೈರನ್ನ ತಿರುಚಿ ಟೇಪ್ ಸುತ್ತಿಟ್ಟಿದ್ದ, ತಾಮ್ರ ಹಸಿರಾಗಿತ್ತು. ಇಷ್ಟು ಕಮ್ಮಿ ವೋಲ್ಟೇಜಲ್ಲಿ ಅಂಥ ಒಂದು ಜಾಯಿಂಟ್ ಸಾಕು ಎಲ್ಲಾ ನುಂಗಕ್ಕೆ. 18 ಗೇಜ್ ಹೊಸ ವೈರ್ ಒಂದೇ ತುಂಡು ಎಳೆದೆ, ಹದಿನೈದು ಡಾಲರೋ ಏನೋ. ಇದಕ್ಕೂ ಮುಂಚೆ ಸೇಲಲ್ಲಿ ನೆಸ್ಟ್ ಅನ್ನೋ ಸ್ಮಾರ್ಟ್ ಥರ್ಮೋಸ್ಟಾಟ್ ತಂದು ಸಿಕ್ಕಿಸೋ ಪೆದ್ದುತನಾನೂ ಮಾಡಿದ್ದೆ. ಅದಕ್ಕೆ 24 ವೋಲ್ಟ್ ಬೇಕು, ನಮ್ಮದರಲ್ಲಿ ಒಂದು ವೋಲ್ಟೂ ಗತಿ ಇಲ್ಲ. ವಾಪಸ್ ಕೊಟ್ಟು ಬ್ಯಾಟರಿಲಿ ಓಡೋ ಮಾಮೂಲಿ ಥರ್ಮೋಸ್ಟಾಟ್ ಹಾಕ್ದೆ.

ಇನ್ನೊಂದು ಪ್ರಯೋಗ. ಫರ್ನೇಸ್ ಹೊಗೆ ಸರಿಯಾಗಿ ಹೊರಗೆ ಹೋಗುತ್ತಾ ನೋಡಕ್ಕೆ, ಬರ್ನರ್ ಹತ್ತು ನಿಮಿಷ ಉರಿದ ಮೇಲೆ ಡ್ರಾಫ್ಟ್ ಹುಡ್ (ಹೊಗೆ ವೆಂಟ್ ಪೈಪಿಗೆ ಸೇರೋ ತೆರೆದ ಬಾಯಿ) ಹತ್ರ ದೇವರ ಮನೆ ಊದುಬತ್ತಿ ಹಿಡಿದೆ, ಹೊಗೆ ನೀಟಾಗಿ ಒಳಗೆ ಹೋಯ್ತು. ಅಷ್ಟೊತ್ತಿಗೆ ಹೆಂಡತಿ ಮೆಣಸಿನಕಾಯಿ ಹುರಿಯಕ್ಕೆ ಅಂತ ಕಿಚನ್ ಹುಡ್ ಫುಲ್ ಸ್ಪೀಡಲ್ಲಿ ಹಾಕಿದ್ಲು, ಕಿಟಕಿ ಎಲ್ಲಾ ಮುಚ್ಚಿತ್ತು, ಹೊಗೆ ಯೂಟರ್ನ್ ಹೊಡೆದು ನನ್ನ ಮುಖಕ್ಕೇ ಬಂತು! ಎದೆ ಝಲ್ ಅಂತು. ಕಿಚನ್ ಹುಡ್ ಮನೆ ಗಾಳಿನೆಲ್ಲ ಎಳೀತಿದ್ರೆ ಫರ್ನೇಸಿನ ಹೊಗೆ ವೆಂಟಲ್ಲಿ ಮೇಲೆ ಹೋಗೋ ಬದಲು ಮನೆಯೊಳಗೇ ಬರುತ್ತೆ. ಅವತ್ತಿಂದ ಕಿಚನ್ ಹುಡ್ ಹಾಕಿದ್ರೆ ಕಿಟಕಿ ತೆಗೀಲೇಬೇಕು ಅಂತ ಮನೇಲಿ ರೂಲು.

ಎಲ್ಲಾ ಸೇರಿ, ದಂಡ ಆದ ಎರಡು ಪೈಲು, ಅಲಾರ್ಮ್, ಮೀಟರ್ ಹಿಡ್ಕೊಂಡು 220 ಡಾಲರ್ ಒಳಗೇ ಮುಗೀತು, ಆ ಐದು ನಿಮಿಷದ ಟಾರ್ಚಿನ 130 ಬಿಟ್ಟು. ಸನ್ನಿವೇಲ್ ಇರೋ ಬೇ ಏರಿಯಾದಲ್ಲಿ 2029ರಿಂದ ಹೊಸ ಗ್ಯಾಸ್ ಫರ್ನೇಸ್ ಮಾರಾಟಕ್ಕೆ ಕಡಿವಾಣ ಹಾಕೋ ನಿಯಮ 2023ರಲ್ಲೇ ಪಾಸಾಗಿದೆ, ಕರೆಂಟಲ್ಲಿ ಮನೆ ಬಿಸಿ ಮಾಡೋ ಹೀಟ್ ಪಂಪಿಗೆ ಆವಾಗ ದುಡ್ಡು ಹಾಕಿದ್ರಾಯ್ತು, ಈಗ ಯಾಕೆ ಅಂತ. ಕೈ ಹಾಕೋ ಧೈರ್ಯ ಇಲ್ದಿದ್ರೆ ಇಲ್ಲಿನ ಗ್ಯಾಸ್ ಕಂಪನಿ ಪಿಜಿ ಅಂಡ್ ಇ ಅವರಿಗೆ ಫೋನ್ ಮಾಡಿ, ಪೈಲಟ್ ಹಚ್ಚಿ ಚೆಕ್ ಮಾಡ್ಕೊಟ್ಟು ಹೋಗ್ತಾರೆ, ದುಡ್ಡು ತಗೊಳಲ್ಲ.

ಮೊನ್ನೆ ಗಾಳಿಮಳೆಗೆ ಇಡೀ ರಾತ್ರಿ ಕರೆಂಟ್ ಇರ್ಲಿಲ್ಲ, ನಕ್ಕಿದ್ದ ಫ್ರೆಂಡ್ ಮನೆ ಸೆಂಟ್ರಲ್ ಹೀಟಿಂಗ್ ತೆಪ್ಪಗೆ ಮಲಗಿತ್ತು, ಮಕ್ಕಳನ್ನ ಕರ್ಕೊಂಡು ನಮ್ಮನೆ ಹಾಲ್‌ವೇಲೇ ಬಂದು ಕೂತ. ಛಾವಣಿ ಮೇಲಿನ ವೆಂಟ್ ಕ್ಯಾಪ್ ಒಂದು ನೋಡೋದು ಬಾಕಿ ಇದೆ, ಏಣಿ ಹತ್ತಕ್ಕೆ ಮಾತ್ರ ಹೆಂಡತಿ ಇನ್ನೂ ಬಿಟ್ಟಿಲ್ಲ.