ಹೀಟ್ ಪಂಪ್ ಚಳೀಲೇ ಕೈಕೊಡ್ತಿತ್ತು, ಸರಿ ಮಾಡಿದ್ದು ಹೀಗೆ

ಸ್ವೀಡನ್ನಲ್ಲಿ ನಮ್ಮನೆ ಬೆಚ್ಚಗಿಡೋದು ಬೋರ್‌ವೆಲ್ಲು. ಊರಲ್ಲಿ ಹೇಳಿದ್ರೆ ನಗ್ತಾರೆ, ಆದ್ರೆ ಇದ್ರಿಂದ ನೀರು ಎತ್ತಲ್ಲ, ಸುಮಾರು 180 ಮೀಟರ್ ಆಳಕ್ಕೆ ಪ್ಲಾಸ್ಟಿಕ್ ಪೈಪ್ ಇಳಿಸಿ ಅದ್ರೊಳಗೆ ಎಥನಾಲ್ ಬೆರೆಸಿದ ನೀರು ಸುತ್ತಿಸ್ತಾರೆ, ಅದು ಬಂಡೆ ಶಾಖ ಹೊತ್ಕೊಂಡು ಮೇಲೆ ಬರುತ್ತೆ, ಹೀಟ್ ಪಂಪ್ ಅನ್ನೋ ಮೆಷಿನ್ ಆ ಬಿಸಿನ ಇನ್ನೂ ಏರಿಸಿ ರೂಮು ಬೆಚ್ಚಗಿಡೋ ರೇಡಿಯೇಟರ್‌ಗೆ ಕೊಡುತ್ತೆ.

ಜನವರೀಲಿ ಲೋ ಪ್ರೆಶರ್ ಅಲಾರಂ ಹೊಡ್ದು ಪಂಪ್ ಪದೇ ಪದೇ ನಿಲ್ತಿತ್ತು. ಸರ್ವಿಸ್‌ನೋರು ಫೋನಲ್ಲೇ ಪಂಪ್ ಒಳಗಿನ ಗ್ಯಾಸ್ (ಫ್ರಿಜ್ಜಲ್ಲಿರೋ ಥರದ್ದು) ಲೀಕ್ ಇರ್ಬೇಕು ಅಂದ್ಬಿಟ್ರು. ನಂಗ್ಯಾಕೋ ನಂಬಿಕೆ ಬರ್ಲಿಲ್ಲ. ಡಿಸ್‌ಪ್ಲೇ ನೋಡಿದ್ರೆ ಬೋರಿಂದ ಬರೋದು 3 ಡಿಗ್ರಿ, ವಾಪಸ್ ಹೋಗೋದು ಮೈನಸ್ 5. ವ್ಯತ್ಯಾಸ 3-4 ಇರ್ಬೇಕಾದ್ದು 8 ಇದೆ ಅಂದ್ರೆ ಹರಿವೇ ಕಮ್ಮಿ ಆಗಿದೆ ಅಂತ, ಗ್ಯಾಸ್ ಕಮ್ಮಿ ಆದ್ರೆ ಈ ವ್ಯತ್ಯಾಸ ಹಿಂಗೆ ಏರಲ್ಲ.

ಬೋರಿನ ಪೈಪಲ್ಲಿರೋ ಫಿಲ್ಟರ್ ಕಟ್ಕೊಂಡಿರ್ಬೇಕು ಅನ್ನಿಸ್ತು. ಮೆಷಿನ್ ಆಫ್ ಮಾಡಿ, ಅದರ ಅಕ್ಕಪಕ್ಕದ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು ಬಿಚ್ಚಿದ್ರೆ ಜಾಲರಿ ತುಂಬ ಕಪ್ಪು ಲೋಳೆ, ಪೈಪ್ ಕೊಯ್ದಾಗ ಉಳಿದಿದ್ದ ಪ್ಲಾಸ್ಟಿಕ್ ತುಣುಕು. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ ತೊಳ್ದು ಹಾಕ್ದೆ, ಪೈಪಲ್ಲಿದ್ದ ಗಾಳಿ ತೆಗ್ದೆ. ವ್ಯತ್ಯಾಸ 3.5ಕ್ಕೆ ಬಂತು, ಅಲಾರಂ ಮತ್ತೆ ಹೊಡ್ದಿಲ್ಲ. ಪೈಪಲ್ಲಿರೋ ದ್ರವದ ಲೆವೆಲ್ ಇಳಿದಿದ್ರೆ ಬರೀ ನಲ್ಲಿನೀರು ತುಂಬ್ಬೇಡಿ, ಎಥನಾಲ್ ಮಿಶ್ರಣಾನೇ ಹಾಕಿ, ಇಲ್ಲಾಂದ್ರೆ ಒಳಗೇ ಹೆಪ್ಪುಗಟ್ಟುತ್ತೆ.